ಮನೆಯ ಲಿನಕ್ಸ್‌ಗೆ ಬೀಗ, ಅದಕ್ಕೊಂದು ದಿನಚರಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಸೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಎಂಟನೇ ತಲೆಮಾರಿನದೋ ಆಮೇಲಿನದೋ ಆಗಿರಬೇಕು. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಪರೀಕ್ಷೆಯಲ್ಲಿ ಫೇಲು. ಕೀಬೋರ್ಡು, ಪರದೆ, ಡಿಸ್ಕು ಎಲ್ಲ ಚೆನ್ನಾಗಿಯೇ ಇರುವಾಗ ಅದನ್ನು ಗುಜರಿಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅಂಥ ಮಷೀನುಗಳಿಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಇನ್ನೂ ಕೆಲವು ವರ್ಷ ನಿಶ್ಚಿಂತೆಯಿಂದ ಓಡುತ್ತವೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಕೇರಳ ಸರ್ಕಾರ 2001ರಲ್ಲಿ ಶುರು ಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಶಾಲೆಯ ಗಣಕಗಳನ್ನು ಸ್ವತಂತ್ರ ತಂತ್ರಾಂಶದ ಕಡೆಗೆ ತಿರುಗಿಸಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಕೈಟ್ ತಯಾರಿಸುವ ಲಿನಕ್ಸ್‌ನಲ್ಲೇ ಅಲ್ಲಿನ ಮಕ್ಕಳು ಪಾಠ ಕಲಿಯುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಮನೆಯ ಕಥೆ ಸಾಮಾನ್ಯವಾಗಿ ಬೇರೆ. ಎಂಜಿನಿಯರಿಂಗ್ ಓದುವ ಅಣ್ಣನ ಮಗ ದಸರಾ ರಜೆಗೆ ಬಂದವನು ಪೆನ್ ಡ್ರೈವ್ ಹಾಕಿ ಒಂದು ಗಂಟೆಯಲ್ಲಿ ಲಿನಕ್ಸ್ ಕೂರಿಸಿ, ‘ಇದಕ್ಕೆ ವೈರಸ್ ಬರಲ್ಲ ಚಿಕ್ಕಪ್ಪ’ ಎಂದು ಹೇಳಿ ಹಾಸ್ಟೆಲಿಗೆ ಹೊರಟುಬಿಡುತ್ತಾನೆ. ಆಮೇಲೆ ಅದನ್ನು ನೋಡಿಕೊಳ್ಳಬೇಕಾದವರು ಮನೆಯವರೇ.

ಆ ಮಷೀನಿನಲ್ಲಿ ಇರುವುದಾದರೂ ಏನು? ಪಹಣಿಯ ಪಿಡಿಎಫ್, ಮಕ್ಕಳ ಮಾರ್ಕ್ಸ್ ಕಾರ್ಡು, ಆಧಾರ್ ಸ್ಕ್ಯಾನ್, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೊಟ್ಟ ಚೀಟಿಯ ಫೋಟೊ, ಬೆಳೆಸಾಲದ ಕಾಗದ, ಮದುವೆಯ ಆಲ್ಬಂ. ಕದ್ದವನಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರುತ್ತದೆ. ಕಳೆದುಕೊಂಡವರಿಗೆ ಪೂರ್ತಿ ಬೇಕಾಗುತ್ತದೆ. ಆದ್ದರಿಂದ ಕೆಲಸವೂ ಎರಡು: ಹೊರಗಿನವರು ಒಳಗೆ ಬಾರದಂತೆ ಬೀಗ ಹಾಕುವುದು, ಒಳಗಿರುವುದರ ಇನ್ನೊಂದು ಪ್ರತಿ ದಿನವೂ ತಾನಾಗಿ ತಯಾರಾಗುವಂತೆ ಮಾಡುವುದು.

‘ತಾನಾಗಿ’ ನಡೆಯುವ ಕೆಲಸದ ವಿಷಯಕ್ಕೆ ಬಂದರೆ ಈ ಜಿಲ್ಲೆ ಹೊರಗೆ ಹೋಗಿ ಉದಾಹರಣೆ ಹುಡುಕಬೇಕಿಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ವಿನ್ಯಾಸ ಮಾಡಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ಅಣೆಕಟ್ಟಿನ ಗೋಡೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವುದು ಅದರ ಉದ್ದೇಶ. ನೀರು ಗೊತ್ತಾದ ಮಟ್ಟ ದಾಟಿದರೆ ಬಾಗಿಲು ತೆರೆಯುತ್ತದೆ, ಇಳಿದರೆ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಯಾರೂ ಎದ್ದು ಹೋಗಿ ಚಕ್ರ ತಿರುಗಿಸಬೇಕಿಲ್ಲ. ಗ್ವಾಲಿಯರ್‌ನ ತಿಗ್ರಾಕ್ಕೂ ಕೃಷ್ಣರಾಜಸಾಗರಕ್ಕೂ ಮುಂದೆ ಇದೇ ಪದ್ಧತಿ ಹೋಯಿತು. ಒಂದು ಮಾತನ್ನು ಇಲ್ಲೇ ಸೇರಿಸಬೇಕು: ತಿಗ್ರಾ ಅಣೆಕಟ್ಟು 1917ರಲ್ಲಿ ಒಡೆಯಿತು. ತಪ್ಪು ಗೇಟಿನದಾಗಿರಲಿಲ್ಲ, ಅಡಿಪಾಯದ ಮರಳುಗಲ್ಲಿನೊಳಗೆ ನೀರು ಹೊಕ್ಕಿತ್ತು. ಮನೆಯ ಗಣಕದಲ್ಲೂ ಮೊದಲು ನೋಡಬೇಕಾದ್ದು ಅಡಿಪಾಯವನ್ನೇ.

ಅಡಿಪಾಯವೆಂದರೆ ಅಪ್‌ಡೇಟು. ಉಬುಂಟುವಿನಲ್ಲಿ ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್‌ಗಳು ಮೊದಲಿನಿಂದಲೇ ತಾವಾಗಿ ಇಳಿದು ಕೂರುವಂತೆ ಏರ್ಪಾಡಾಗಿರುತ್ತದೆ. ಮಿಂಟ್‌ನಲ್ಲಿ ಹಾಗಿಲ್ಲ. ಅಪ್‌ಡೇಟ್ ಮ್ಯಾನೇಜರ್ ತೆರೆದು, ಎಡಿಟ್ ಮೆನುವಿನ ಪ್ರಿಫರೆನ್ಸಸ್‌ಗೆ ಹೋಗಿ, ಆಟೊಮೇಶನ್ ಎಂಬ ಭಾಗದಲ್ಲಿ ಮೊದಲ ಗುಂಡಿಯನ್ನು ನಾವೇ ಆನ್ ಮಾಡಬೇಕು. ಎಷ್ಟೋ ಮನೆಗಳಲ್ಲಿ ಮೂಲೆಯ ಗುರಾಣಿ ಗುರುತಿನ ಮೇಲೆ ಕೆಂಪು ಚುಕ್ಕೆ ತಿಂಗಳುಗಟ್ಟಲೆ ಕೂತಿರುತ್ತದೆ. ಅದನ್ನು ಯಾರೂ ಒತ್ತಿರುವುದಿಲ್ಲ, ಏಕೆಂದರೆ ಹುಡುಗ ‘ಏನೂ ಮುಟ್ಟಬೇಡಿ’ ಎಂದು ಹೇಳಿ ಹೋಗಿರುತ್ತಾನೆ.

ಆವೃತ್ತಿ ಯಾವುದು ಎನ್ನುವುದೂ ಮುಖ್ಯ. ಉಬುಂಟು 24.04 ಮತ್ತು ಅದರ ಮೇಲೆ ಕಟ್ಟಿದ ಮಿಂಟ್ 22, ಎರಡಕ್ಕೂ 2029ರವರೆಗೆ ಬೆಂಬಲವಿದೆ. ಹೊಸದು ಬಂದ ದಿನವೇ ಹಾಕಿಕೊಳ್ಳುವ ಚಪಲ ಮನೆಯ ಗಣಕಕ್ಕೆ ಒಳ್ಳೆಯದಲ್ಲ ಎನ್ನುವುದಕ್ಕೆ 2024ರ ಮಾರ್ಚ್‌ನ ಒಂದು ಪ್ರಸಂಗ ಸಾಕು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಗುಟ್ಟಾಗಿ ಹಿಂಬಾಗಿಲು ಇಟ್ಟಿದ್ದರು. ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್, ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆ ಕೆಡಿಸಿಕೊಂಡು ಬೆನ್ನು ಹತ್ತಿದಾಗ ಅದು ಸಿಕ್ಕಿಬಿತ್ತು. ಪ್ರಾಯೋಗಿಕ ಆವೃತ್ತಿಗಳಿಗೆ ಆಗಲೇ ಹೊಕ್ಕಿದ್ದ ಆ ಕಳ್ಳ ಕೋಡು ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೂ ಡೆಬಿಯನ್‌ನ ಸ್ಥಿರ ಆವೃತ್ತಿಗೂ ಇನ್ನೂ ತಲುಪಿರಲಿಲ್ಲ. ಹಳೆಯದನ್ನು ಹಿಡಿದುಕೊಂಡು, ಅದಕ್ಕೆ ಬರುವ ಭದ್ರತಾ ತೇಪೆಗಳನ್ನು ಮಾತ್ರ ತಪ್ಪದೆ ಹಾಕಿಕೊಂಡವರು ಆರಾಮಾಗಿದ್ದರು.

ಎರಡನೆಯದು, ಮನೆಯಲ್ಲಿ ಎಷ್ಟು ಜನ ಗಣಕ ಮುಟ್ಟುತ್ತಾರೋ ಅಷ್ಟು ಖಾತೆ. ಮಿಂಟ್‌ನ ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ಹೊಸ ಖಾತೆ ಮಾಡುವಾಗ ಅದು ಅಡ್ಮಿನಿಸ್ಟ್ರೇಟರೋ ಸ್ಟಾಂಡರ್ಡೋ ಎಂದು ಕೇಳುತ್ತದೆ. ಮಕ್ಕಳಿಗೆ ಸ್ಟಾಂಡರ್ಡ್ ಸಾಕು. ಯಾವುದೋ ಆಟ ಇಳಿಸಿಕೊಳ್ಳಲು ಹೋಗಿ ಏನು ಮಾಡಿಕೊಂಡರೂ ಹಾಳಾಗುವುದು ಅವರ ಫೋಲ್ಡರ್ ಮಾತ್ರ, ಅಪ್ಪನ ಪಹಣಿ ಉಳಿದುಕೊಳ್ಳುತ್ತದೆ. ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುವ ಆಟೊ ಲಾಗಿನ್ ಆಫ್ ಇರಲಿ.

ಪಾಸ್‌ವರ್ಡನ್ನು ಕನ್ನಡದಲ್ಲಿ ಇಡುವ ಆಸೆ ಮಾತ್ರ ಬೇಡ. ಕಗಪ ಕೀಲಿಮಣೆ ಹೆಚ್ಚಾಗಿ ಡೆಸ್ಕ್‌ಟಾಪ್ ತೆರೆದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಲಾಗಿನ್ ಪರದೆಯಲ್ಲಿ, ಅದಕ್ಕಿಂತ ಮೊದಲು ಡಿಸ್ಕ್‌ನ ಬೀಗ ತೆಗೆಯುವ ಕಪ್ಪು ಪರದೆಯಲ್ಲಿ ಅದು ಸಾಮಾನ್ಯವಾಗಿ ಸಿಗುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ನಾಲ್ಕೈದು ಸಂಬಂಧವಿಲ್ಲದ ಪದಗಳನ್ನು ಜೋಡಿಸಿದರೆ ಉದ್ದವೂ ಆಯಿತು, ನೆನಪಿಗೂ ಉಳಿಯಿತು.

ಡಿಸ್ಕ್‌ನ ಬೀಗ ಎಂದರೆ ಎನ್‌ಕ್ರಿಪ್ಶನ್. ಲಿನಕ್ಸ್ ಹಾಕುವಾಗಲೇ ಒಂದು ಟಿಕ್ ಹಾಕಿದರೆ ಇಡೀ ಡಿಸ್ಕು ಗೂಢಲಿಪಿಗೆ ತಿರುಗುತ್ತದೆ. ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೂ, ರಿಪೇರಿಗೆ ಕೊಟ್ಟು ಅಲ್ಲೇ ಎರಡು ವಾರ ಬಿದ್ದಿದ್ದರೂ ಒಳಗಿನದನ್ನು ಯಾರೂ ಓದಲಾರರು. ಆದರೆ ಪಾಸ್‌ವರ್ಡ್ ಮರೆತರೆ ಮನೆಯವರೂ ಓದಲಾರರು. ಸೈಬರ್ ಸೆಂಟರಿನವರು, ಎಂಜಿನಿಯರು, ಯಾರಿಂದಲೂ ಆಗದ ಕೆಲಸ ಅದು. ಊರೂರು ತಿರುಗುವ ಲ್ಯಾಪ್‌ಟಾಪಿಗೆ ಈ ಬೀಗ ಬೇಕೇ ಬೇಕು. ನಡುಮನೆಯ ಮೇಜಿನ ಮೇಲೇ ಇರುವ ಡೆಸ್ಕ್‌ಟಾಪಿಗೆ, ವಯಸ್ಸಾದವರೇ ಅದನ್ನು ಬಳಸುವುದಾದರೆ, ಹಾಕದಿರುವುದೇ ವಾಸಿ. ಬರೆದಿಟ್ಟ ಚೀಟಿ ದೇವರ ಮನೆಯ ಪಂಚಾಂಗದೊಳಗಿರಲಿ ಎನ್ನುವವರೂ ಇದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಕಳ್ಳ ಇಂಟರ್‌ನೆಟ್‌ನಿಂದ ಬರುವವನಾದರೆ ಪಂಚಾಂಗ ತೆಗೆದು ನೋಡಲಾರ.

ಫೈರ್‌ವಾಲ್ ವಿಷಯ ಎರಡು ವಾಕ್ಯದ್ದು. ಮಿಂಟ್‌ನ ಮೆನುವಿನಲ್ಲಿ ಫೈರ್‌ವಾಲ್ ಎಂದು ಹುಡುಕಿ, ಸ್ಟೇಟಸ್ ಗುಂಡಿ ಆನ್ ಮಾಡಿ, ಒಳಬರುವುದಕ್ಕೆ ‘ಡಿನೈ’, ಹೊರಹೋಗುವುದಕ್ಕೆ ‘ಅಲೋ’ ಎಂದು ಇದೆಯೇ ನೋಡಿಕೊಂಡರೆ ಮುಗಿಯಿತು.

ಅದಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಗೋಡೆಯ ಮೇಲೆ ಮಿನುಗುತ್ತಿರುವ ವೈಫೈ ರೌಟರಿಗೆ, ಅಂಗಳದ ಸಿಸಿಟಿವಿ ಪೆಟ್ಟಿಗೆಗೆ. ಅವುಗಳೊಳಗೆ ಇರುವುದೂ ಬಹುಪಾಲು ಲಿನಕ್ಸೇ. 2016ರಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡ ‘ಮಿರಾಯ್’ ಎಂಬ ಕಳ್ಳ ತಂತ್ರಾಂಶ ದೊಡ್ಡ ಜಾಣತನವನ್ನೇನೂ ತೋರಿಸಲಿಲ್ಲ. ಕಾರ್ಖಾನೆಯಿಂದ ಬಂದ 60ಕ್ಕೂ ಹೆಚ್ಚು ಹೆಸರು–ಪಾಸ್‌ವರ್ಡ್ ಜೋಡಿಗಳ ಪಟ್ಟಿ ಇಟ್ಟುಕೊಂಡು ಒಂದೊಂದನ್ನೇ ಒತ್ತಿ ನೋಡಿತು, ಅಷ್ಟೇ. ‘ಲಿನಕ್ಸ್‌ಗೆ ವೈರಸ್ ಬರಲ್ಲ’ ಎಂದ ಹುಡುಗನಿಗೆ ಮುಂದಿನ ರಜೆಯಲ್ಲಿ ಕೊಡಬೇಕಾದ ಮೊದಲ ಕೆಲಸ, ರೌಟರಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸುವುದು.

ಇಷ್ಟಾದ ಮೇಲೆ ದಿನಚರಿ.

ಲಿನಕ್ಸ್‌ನಲ್ಲಿ ಹೊತ್ತುಹೊತ್ತಿಗೆ ಕೆಲಸ ಮಾಡಿಸುವ ಹಳೆಯ ಆಳು ಕ್ರಾನ್. 1970ರ ದಶಕದ ಯೂನಿಕ್ಸ್‌ನಿಂದ ಬಂದದ್ದು. ಅದಕ್ಕೆ ಹೇಳುವ ಭಾಷೆ ಐದು ಖಾನೆಗಳದು:

0 21 * * *

ನಿಮಿಷ, ಗಂಟೆ, ತಿಂಗಳಿನ ದಿನ, ತಿಂಗಳು, ವಾರದ ದಿನ, ಇದೇ ಕ್ರಮ. ನಕ್ಷತ್ರ ಚಿಹ್ನೆಗೆ ‘ಯಾವುದಾದರೂ ಸರಿ’ ಎಂದರ್ಥ. ಮೇಲಿನ ಸಾಲು ದಿನಾ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಓಡುತ್ತದೆ. ಐದು ಖಾನೆಯ ಮುಂದೆ ಏನು ಮಾಡಬೇಕೆಂದು ಬರೆಯುತ್ತಾರೆ. ಇಲ್ಲಿ ಒಂದು ಹಳೆಯ ಮೋಸವಿದೆ. 0 9 13 * 5 ಎಂದು ಬರೆದವರು, ಹದಿಮೂರನೇ ತಾರೀಖು ಶುಕ್ರವಾರ ಬಿದ್ದಾಗ ಮಾತ್ರ ಕೆಲಸ ನಡೆಯುತ್ತದೆ ಎಂದುಕೊಳ್ಳುತ್ತಾರೆ. ಕ್ರಾನ್ ಹಾಗೆ ಓದುವುದಿಲ್ಲ. ದಿನದ ಎರಡೂ ಖಾನೆ ತುಂಬಿದ್ದರೆ ಯಾವುದಾದರೂ ಒಂದು ಹೊಂದಿದರೂ ಓಡಿಸಿಬಿಡುತ್ತದೆ. ಅಂದರೆ ಪ್ರತಿ ಹದಿಮೂರಕ್ಕೂ ಪ್ರತಿ ಶುಕ್ರವಾರಕ್ಕೂ.

ಹಳ್ಳಿಯಲ್ಲಿ ಕ್ರಾನ್‌ಗೆ ಇನ್ನೂ ದೊಡ್ಡ ತೊಂದರೆ ಕರೆಂಟಿನದು. ಒಂಬತ್ತಕ್ಕೆ ಗಣಕ ಆಫ್ ಆಗಿದ್ದರೆ ಆ ದಿನದ ಕೆಲಸ ಹೋಯಿತೆಂದೇ ಲೆಕ್ಕ. ಒಂಬತ್ತೂಕಾಲಿಗೆ ಕರೆಂಟು ಬಂದರೂ ಕ್ರಾನ್ ಹಿಂದಿನದನ್ನು ನೆನೆಸಿಕೊಳ್ಳುವುದಿಲ್ಲ. ತಪ್ಪಿದ ಕೆಲಸವನ್ನು ಮತ್ತೆ ಹಿಡಿಯಲು ಆನಾಕ್ರಾನ್ ಇದೆ. ಈಗಿನ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಟೈಮರ್ ಇನ್ನೂ ಅನುಕೂಲ: ‘ಪರ್ಸಿಸ್ಟೆಂಟ್’ ಎಂಬ ಒಂದು ಸಾಲಿಗೆ ‘ಟ್ರೂ’ ಎಂದು ಕೊಟ್ಟರೆ, ಮಷೀನು ಮತ್ತೆ ಎದ್ದ ಕೂಡಲೇ ಬಾಕಿ ಕೆಲಸ ಮುಗಿಸುತ್ತದೆ. ಗೌರಿಬಿದನೂರು, ಚಿಂತಾಮಣಿ ಕಡೆಯ ಮನೆಗೆ ಕ್ರಾನ್ ಬೇಡ, ಟೈಮರೇ ಇರಲಿ ಎನ್ನುವುದು ಈ ಕಾರಣಕ್ಕೆ.

ಕರೆಂಟಿನ ಮಾತಿಗೇ ಇನ್ನೊಂದು. ಮನೆಯ ಇನ್ವರ್ಟರ್‌ನಲ್ಲಿ ಇಕೋ ಮತ್ತು ಯುಪಿಎಸ್ ಎಂದು ಎರಡು ಸ್ಥಾನದ ಸಣ್ಣ ಸ್ವಿಚ್ ಇದೆಯೇ ನೋಡಬೇಕು. ಇಕೋದಲ್ಲಿದ್ದರೆ ಕರೆಂಟ್ ಹೋದ ಕ್ಷಣಕ್ಕೆ ಬಲ್ಬು ಒಮ್ಮೆ ಮಿಟುಕಿ ನಿಲ್ಲುತ್ತದೆ, ಡೆಸ್ಕ್‌ಟಾಪ್ ಮಾತ್ರ ಆಫ್ ಆಗಿ ಮತ್ತೆ ಶುರುವಾಗಬಹುದು. ಅರ್ಧ ಬರೆದ ಬ್ಯಾಕಪ್‌ಗೆ ಅದೇ ಸಾಕು ಕೆಡಲು. ಯುಪಿಎಸ್ ಕಡೆಗೆ ತಳ್ಳಿದರೆ ಬದಲಾವಣೆ ಬೇಗ ಆಗುತ್ತದೆ.

ಇನ್ನು ಒಂಬತ್ತಕ್ಕೆ ನಡೆಯುವ ಕೆಲಸದ ಒಳಗೆ ಇಣುಕಬಹುದು. ಬ್ಯಾಕಪ್‌ಗೆ ಮಿಂಟ್‌ನ ಟೈಮ್‌ಶಿಫ್ಟ್ ಇದೆಯಲ್ಲ ಎಂದು ಹಲವರು ಸುಮ್ಮನಾಗುತ್ತಾರೆ. ಟೈಮ್‌ಶಿಫ್ಟ್ ಉಳಿಸುವುದು ಸಿಸ್ಟಮ್ಮಿನ ಕಡತಗಳನ್ನು. ಹೋಮ್ ಫೋಲ್ಡರಿನ ಫೋಟೊ, ಕಾಗದಪತ್ರಗಳನ್ನು ಅದು ತಾನಾಗಿ ಸೇರಿಸಿಕೊಳ್ಳುವುದಿಲ್ಲ. ಅವಕ್ಕೆ ಆರ್‌ಸಿಂಕ್ ಬೇಕು. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕರಾಸ್ ತಂದ ಇದರ ಹೆಚ್ಚುಗಾರಿಕೆ ಎಂದರೆ, ನಿನ್ನೆಯಿಂದ ಬದಲಾದ ಕಡತಗಳನ್ನು ಮಾತ್ರ ನಕಲು ಮಾಡುವುದು. ಮೊದಲ ದಿನ ಗಂಟೆಗಟ್ಟಲೆ ಹಿಡಿಯುವ ಮದುವೆ ಆಲ್ಬಂ ಎರಡನೇ ದಿನ ಕೆಲವೇ ಕ್ಷಣದ ಕೆಲಸ.

ಆರ್‌ಸಿಂಕ್ ಆದೇಶವನ್ನು ಬರೆಯುವಾಗ ಕನ್ನಡದ ಮನೆಗಳಲ್ಲಿ ಎಡವುವುದು ಒಂದೇ ಕಡೆ. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟರೆ ಲಿನಕ್ಸ್‌ಗೆ ಏನೂ ತಕರಾರಿಲ್ಲ. ತಕರಾರು ಇರುವುದು ನಡುವಿನ ಖಾಲಿ ಜಾಗಕ್ಕೆ. ‘ಮದುವೆ ಫೋಟೊ’ ಎಂದು ಉದ್ಧರಣ ಚಿಹ್ನೆಯಿಲ್ಲದೆ ಬರೆದರೆ ಅದು ‘ಮದುವೆ’ ಎಂಬ ಒಂದು ಫೋಲ್ಡರು, ‘ಫೋಟೊ’ ಎಂಬ ಇನ್ನೊಂದು ಎಂದು ಓದಿಕೊಳ್ಳುತ್ತದೆ. ನಕಲು ಮಾಡುವಾಗ ‘ಅಂಥದ್ದಿಲ್ಲ’ ಎಂದು ದೂರುತ್ತದೆ. ಅಳಿಸುವ ಆದೇಶದಲ್ಲಿ ಹೀಗಾದರೆ ದೂರುವುದಕ್ಕೂ ಏನೂ ಉಳಿಯುವುದಿಲ್ಲ. 2011ರಲ್ಲಿ ಬಂಬಲ್‌ಬೀ ಎಂಬ ತಂತ್ರಾಂಶದ ಸ್ಕ್ರಿಪ್ಟಿನಲ್ಲಿ (ಆದೇಶಗಳ ಪಟ್ಟಿಯಲ್ಲಿ) ಒಂದೇ ಒಂದು ಖಾಲಿ ಜಾಗ ತಪ್ಪಿ ಬಿದ್ದು, ಒಂದು ಸಣ್ಣ ಫೋಲ್ಡರಿನ ಬದಲು ಸಿಸ್ಟಮ್ಮಿನ ಬಹುಪಾಲು ಕಾರ್ಯಕ್ರಮಗಳಿರುವ ಫೋಲ್ಡರೇ ಅಳಿಸಿಹೋಗುವಂತಾಗಿತ್ತು. 2015ರ ಜನವರಿಯಲ್ಲಿ ಬೆಳಕಿಗೆ ಬಂದ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಸ್ಕ್ರಿಪ್ಟಿನದು ಇನ್ನೂ ಕೆಟ್ಟದ್ದು. ಫೋಲ್ಡರಿನ ಹೆಸರು ಇರಬೇಕಾದ ಜಾಗ ಖಾಲಿ ಉಳಿದು, ಆದೇಶ ಡಿಸ್ಕ್‌ನ ಬೇರಿನಿಂದಲೇ ಅಳಿಸತೊಡಗಿತು. ಚುಚ್ಚಿಟ್ಟಿದ್ದ ಹೊರಗಿನ ಡಿಸ್ಕಿನಲ್ಲಿದ್ದ ಕಡತಗಳೂ ಹೋದವು. ಬ್ಯಾಕಪ್ ಡಿಸ್ಕನ್ನು ಇಡೀ ದಿನ ಗಣಕಕ್ಕೆ ಚುಚ್ಚಿಡಬಾರದು ಎನ್ನುವವರು ಕೊಡುವ ಕಾರಣ ಇದೇ. ಸಾಧ್ಯವಿದ್ದರೆ ಎರಡು ಡಿಸ್ಕು: ದಿನಾ ಚುಚ್ಚುವುದೊಂದು, ತಿಂಗಳಿಗೊಮ್ಮೆ ಬೀರುವಿನಿಂದ ಹೊರಗೆ ಬರುವುದೊಂದು.

ಆದ್ದರಿಂದ ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಕೆಲಸ ನಕಲು ಮಾಡುವುದಾಗಬಾರದು. ಡಿಸ್ಕು ನಿಜವಾಗಿ ಚುಚ್ಚಿದೆಯೇ ಎಂದು ‘ಮೌಂಟ್‌ಪಾಯಿಂಟ್’ ಎಂಬ ಆದೇಶದಿಂದ ಕೇಳಬೇಕು. ಇಲ್ಲವೆಂದರೆ ಅಲ್ಲೇ ನಿಲ್ಲಬೇಕು. ಈ ಸಾಲು ಇಲ್ಲದಿದ್ದರೆ ಆರ್‌ಸಿಂಕ್ ಎಲ್ಲವನ್ನೂ ಒಳಗಿನ ಡಿಸ್ಕಿನಲ್ಲೇ ಅದೇ ಹೆಸರಿನ ಖಾಲಿ ಫೋಲ್ಡರಿಗೆ ಸುರಿಯುತ್ತಾ ಹೋಗಿ, ಒಂದು ದಿನ ಜಾಗವಿಲ್ಲ ಎಂದು ಗಣಕವೇ ನಿಲ್ಲುತ್ತದೆ. ಮೂಲದಲ್ಲಿ ಇಲ್ಲದ್ದನ್ನು ನಕಲಿನಲ್ಲೂ ಅಳಿಸು ಎನ್ನುವ ‘ಡಿಲೀಟ್’ ಆಯ್ಕೆ ಆರ್‌ಸಿಂಕ್‌ನಲ್ಲಿದೆ. ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಯಾರೋ ಕೈತಪ್ಪಿ ಮೂಲದ ಫೋಲ್ಡರ್ ಅಳಿಸಿದ ರಾತ್ರಿಯೇ ನಕಲೂ ಅಳಿಯುತ್ತದೆ. ಮನೆಗೆ ಅದು ಬೇಡ. ಮೊದಲ ಸಲ ಓಡಿಸುವಾಗ ‘ಡ್ರೈ ರನ್’ ಜೊತೆಗೆ ‘ವರ್ಬೋಸ್’ ಕೊಟ್ಟರೆ ಏನೇನು ಮಾಡುತ್ತೇನೆಂದು ಪಟ್ಟಿ ಹೇಳಿ ಸುಮ್ಮನಾಗುತ್ತದೆ, ಯಾವುದನ್ನೂ ಮುಟ್ಟುವುದಿಲ್ಲ. ಇಷ್ಟಕ್ಕೆಲ್ಲ ಅಡ್ಮಿನ್ ಅಧಿಕಾರ ಕೊಡುವ ಸುಡೊ ಹಾಕುವ ಅಗತ್ಯವೂ ಇಲ್ಲ. ತನ್ನ ಫೋಟೊ ತಾನೇ ನಕಲು ಮಾಡುವ ಕೆಲಸಕ್ಕೆ ಇಡೀ ಮನೆಯ ಬೀಗದಕೈ ಏಕೆ?

ಎಲ್ಲ ಸರಿಯಾಗಿ ಕೂತ ಮೇಲೂ ಉಳಿಯುವ ಪ್ರಶ್ನೆ, ಕೆಲಸ ನಿಂತರೆ ಗೊತ್ತಾಗುವುದು ಹೇಗೆ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿಯ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆದೇಶ ಕೊಟ್ಟರು. ಸುಮಾರು 300 ಜಿಬಿಯ ದತ್ತಾಂಶ ಹೋಯಿತು. ಬ್ಯಾಕಪ್ ಇದೆಯಲ್ಲ ಎಂದು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ದಿನವೂ ತಾನಾಗಿ ನಡೆಯುತ್ತಿದ್ದ ಬ್ಯಾಕಪ್, ಆವೃತ್ತಿ ಹೊಂದಾಣಿಕೆಯಾಗದೆ ಸೋಲುತ್ತಾ ಬಂದಿತ್ತು. ಸೋತಾಗಲೆಲ್ಲ ಇಮೇಲ್ ಹೋಗುತ್ತಿತ್ತು, ಆದರೆ ಆ ಇಮೇಲುಗಳನ್ನು ತಲುಪಬೇಕಾದ ಕಡೆ ತಿರಸ್ಕರಿಸಲಾಗುತ್ತಿತ್ತು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು ಸಿಕ್ಕಿದ್ದರಿಂದ ಬಚಾವಾದರು. ಆಮೇಲೆ ಅವರು ಏನಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದು ಪ್ರಕಟಿಸಿದರು. ಅದು ಈಗಲೂ ಓದುವಂತಿದೆ.

ಮನೆಯ ಕ್ರಾನ್‌ನದೂ ಅದೇ ಸ್ವಭಾವ. ಕೆಲಸ ಏನಾದರೂ ಹೇಳಿದರೆ ಕ್ರಾನ್ ಅದನ್ನು ಇಮೇಲ್ ಮಾಡಲು ನೋಡುತ್ತದೆ. ಮನೆಯ ಗಣಕದಲ್ಲಿ ಇಮೇಲ್ ಕಳಿಸುವ ಏರ್ಪಾಡು ಇರುವುದಿಲ್ಲ. ‘ಕಳಿಸುವವರಿಲ್ಲ, ಎಸೆಯುತ್ತಿದ್ದೇನೆ’ ಎಂಬ ಅರ್ಥದ ಒಂದು ಸಾಲನ್ನು ಲಾಗ್ ಕಡತದಲ್ಲಿ ಬರೆದು ಎಸೆದುಬಿಡುತ್ತದೆ. ಪರದೆಯ ಮೂಲೆಯಲ್ಲಿ ಸೂಚನೆ ತೋರಿಸುವ ನೋಟಿಫೈ ಸೆಂಡ್ ಕೂಡ ಕ್ರಾನ್‌ನಿಂದ ಕರೆದರೆ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಬಳಕೆದಾರರ ಹೆಸರಿನಲ್ಲೇ ಓಡುವ ಸಿಸ್ಟಮ್‌ಡಿ ಟೈಮರಿನಿಂದ ಕರೆದರೆ ಕಾಣಿಸುತ್ತದೆ. ಟೈಮರಿಗೆ ಇದು ಎರಡನೇ ಅಂಕ.

ಹಾಗಾಗಿ ಸೋತವನೇ ಬಂದು ‘ಸೋತೆ’ ಎಂದು ಹೇಳಲಿ ಎಂದು ಕಾಯುವುದು ದಂಡ. ಇನ್ನೊಬ್ಬ ಹೋಗಿ ನೋಡಬೇಕು. ದಾರಿ ಸುಲಭ. ಆರ್‌ಸಿಂಕ್ ಸಾಲಿನ ಕೊನೆಗೆ && ಹಾಕಿ, ಆಮೇಲೆ ಮಾತ್ರ ‘ಕೊನೆಯ_ಬ್ಯಾಕಪ್’ ಎಂಬ ಕಡತಕ್ಕೆ ಇವತ್ತಿನ ತಾರೀಖು ಬರೆಯುವಂತೆ ಮಾಡುವುದು. ಆ ಜೋಡಿ ಚಿಹ್ನೆಯ ಅರ್ಥ ‘ಹಿಂದಿನದು ಯಶಸ್ವಿಯಾದರೆ ಮಾತ್ರ ಮುಂದಿನದು’ ಎಂದು. ನಂತರ, ಪ್ರತಿ ಸಲ ಲಾಗಿನ್ ಆದಾಗ ಓಡುವ ಇನ್ನೊಂದು ಸಣ್ಣ ಸ್ಕ್ರಿಪ್ಟು ಆ ಕಡತ ಏಳು ದಿನಕ್ಕಿಂತ ಹಳೆಯದೇ ಎಂದು ಫೈಂಡ್ ಆದೇಶದಿಂದ ನೋಡುತ್ತದೆ. ಹಳೆಯದಾಗಿದ್ದರೆ ಪರದೆಯ ನಡುವೆ ಒಂದು ಕಿಟಕಿ: ‘ಬ್ಯಾಕಪ್ ನಿಂತು ವಾರವಾಯಿತು’. ಡಿಸ್ಕು ಕೆಟ್ಟಿರಲಿ, ಕೇಬಲ್ ಸಡಿಲವಾಗಿರಲಿ, ಟೈಮರೇ ಸತ್ತಿರಲಿ, ಕಾರಣ ಯಾವುದಾದರೂ ಕಿಟಕಿ ಬರುತ್ತದೆ. ಮೊದಲ ವಾರ ಬೇಕೆಂದೇ ಡಿಸ್ಕು ಚುಚ್ಚದೆ ಬಿಟ್ಟು, ಅದು ನಿಜವಾಗಿ ಬರುತ್ತದೆಯೇ ಎಂದು ಕಾದು ನೋಡಬೇಕು. ಬಂದ ಮೇಲೆ ಇನ್ನೊಂದು ಪರೀಕ್ಷೆ: ಡಿಸ್ಕಿನಿಂದ ಯಾವುದೋ ಒಂದು ಪಹಣಿ, ಯಾವುದೋ ಒಂದು ಫೋಟೊ ವಾಪಸ್ ತಂದು ತೆರೆದು ನೋಡುವುದು. ಇದನ್ನು ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ ಮಾಡಿದರೂ ಸಾಕು.

ಹಳೆಯ ಡೆಸ್ಕ್‌ಟಾಪುಗಳಲ್ಲಿ ಇಷ್ಟನ್ನೂ ಕೆಡಿಸುವ ಒಂದು ಚಿಕ್ಕ ವಸ್ತುವಿದೆ. ಮದರ್‌ಬೋರ್ಡಿನ ಮೇಲೆ ಸಣ್ಣ ನಾಣ್ಯದಷ್ಟಿರುವ, ಮೇಲೆ 2032 ಎಂದು ಬರೆದಿರುವ ಬ್ಯಾಟರಿ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಗಣಕದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಇಂಟರ್‌ನೆಟ್ ಸಿಕ್ಕ ಮೇಲೆ ಲಿನಕ್ಸ್ ತಾನಾಗಿ ಸಮಯ ಸರಿಪಡಿಸಿಕೊಳ್ಳುತ್ತದೆ ನಿಜ. ನೆಟ್ ಇಲ್ಲದ ಹೊತ್ತಿನಲ್ಲಿ ಮಾತ್ರ ಟೈಮರಿಗೆ ಲೆಕ್ಕ ತಪ್ಪುತ್ತದೆ, ಹೊಸ ಫೋಟೊಗಳಿಗೆ ಹಳೆಯ ತಾರೀಖು ಬೀಳುತ್ತದೆ. ಬ್ರೌಸರು ಬ್ಯಾಂಕಿನ ಪುಟ ತೆರೆಯಲು ಒಪ್ಪದೆ ಭದ್ರತಾ ಎಚ್ಚರಿಕೆ ಕೊಡತೊಡಗಿದರೆ ಮೊದಲು ಮೂಲೆಯ ಗಡಿಯಾರದ ಇಸವಿ ನೋಡಬೇಕು. ವಾಚ್ ರಿಪೇರಿ ಅಂಗಡಿಯಲ್ಲೂ ಈ ಬ್ಯಾಟರಿ ಸಿಗುತ್ತದೆ. ಪ್ಲಗ್ ಕಿತ್ತು, ಹಳೆಯದನ್ನು ಉಗುರಿನಿಂದ ಎಬ್ಬಿಸಿ, ಅಕ್ಷರವಿರುವ ಮುಖ ಮೇಲೆ ಬರುವಂತೆ ಹೊಸದನ್ನು ಒತ್ತಿ ಕೂರಿಸಿದ ಮೇಲೆ, ಟೈಮರ್ ಪಟ್ಟಿಯನ್ನು ತೆರೆದು ಮುಂದಿನ ಓಟ ಇವತ್ತು ರಾತ್ರಿ ಒಂಬತ್ತಕ್ಕೇ ಎಂದು ತೋರಿಸುತ್ತಿದೆಯೇ ನೋಡಿಕೊಳ್ಳಬಹುದು.